ಮನೆಯಲ್ಲಿ ಕೂಸೂ ಇದೆ, ನಾಯಿಯೂ ಇದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಗಂಡು ರಾಟ್‌ವೈಲರ್‌ಗೆ ನಾಲ್ಕು ವರ್ಷ. ಮೊಮ್ಮಗನಿಗೆ ಎಂಟು ತಿಂಗಳು, ಈಗಷ್ಟೇ ಅಂಬೆಗಾಲಿಡುತ್ತಿದ್ದಾನೆ. ಇಷ್ಟು ದಿನ ತೊಟ್ಟಿಲ ಪಕ್ಕದಲ್ಲೇ ಮಲಗುತ್ತಿದ್ದ ನಾಯಿ ಹೋದ ವಾರ ಮಗು ಹತ್ತಿರ ಬಂದಾಗ ಗುರ್ ಎಂದಿತು. ಮಗ ಅದಕ್ಕೆ ಎರಡೇಟು ಕೊಟ್ಟ. ಸೊಸೆ ‘ನಾಯಿಯನ್ನು ಕಳಿಸಿಬಿಡಿ ಅತ್ತೆ’ ಎನ್ನುತ್ತಾಳೆ. ಏನು ಮಾಡಲಿ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ಸೊಸೆಯ ಭಯ ಸರಿಯಾದದ್ದೇ, ದಯವಿಟ್ಟು ತಳ್ಳಿಹಾಕಬೇಡಿ. ಮೊದಲು ಆ ಎರಡೇಟಿನ ವಿಷಯ. ಗುರ್ ಎನ್ನುವುದು ನಾಯಿಗೆ ಇರುವ ಮಾತು, ‘ಹತ್ತಿರ ಬರಬೇಡ’ ಎಂದು ಅದು ಹೇಳುವ ರೀತಿ. ಅದಕ್ಕೆ ಹೊಡೆದರೆ ನಾಯಿಯ ಭಯ ಹೋಗುವುದಿಲ್ಲ, ಗುರ್ ಎನ್ನುವುದು ಮಾತ್ರ ನಿಲ್ಲುತ್ತದೆ. ಆಮೇಲೆ ಅದು ಸದ್ದಿಲ್ಲದೆ ಕಚ್ಚುತ್ತದೆ. ಇನ್ನು ಮುಂದೆ ಗುರ್ ಎಂದರೆ ಮಗುವನ್ನು ಎತ್ತಿಕೊಳ್ಳಿ, ನಾಯಿಯನ್ನು ಬೈಯದೆ ಬೇರೆ ಕೋಣೆಗೆ ಕರೆದೊಯ್ಯಿರಿ.

ತೊಟ್ಟಿಲಲ್ಲಿದ್ದ ಮಗುವಿಗೂ ನೆಲಕ್ಕಿಳಿದ ಮಗುವಿಗೂ ನಾಯಿಯ ಕಣ್ಣಲ್ಲಿ ಬಹಳ ವ್ಯತ್ಯಾಸ. ಅಂಬೆಗಾಲಿಡುವ ಮಗು ನಾಯಿಯ ಕಣ್ಣಿಗೆ ಕಣ್ಣಿಟ್ಟು ನೇರ ಬರುತ್ತದೆ, ಊಟದ ತಟ್ಟೆಗೆ ಕೈ ಹಾಕುತ್ತದೆ, ಎದ್ದು ನಿಲ್ಲಲು ಅದರ ಕೂದಲನ್ನೇ ಹಿಡಿದು ಜಗ್ಗುತ್ತದೆ. ಆಗ ಮಗುವಿನ ಮುಖ ಸರಿಯಾಗಿ ನಾಯಿಯ ಬಾಯಿಯ ಎತ್ತರಕ್ಕೆ ಇರುತ್ತದೆ. ಚಿಕ್ಕ ಮಕ್ಕಳಿಗೆ ಬೀಳುವ ಕಡಿತ ಹೆಚ್ಚಾಗಿ ಮುಖ, ತಲೆ, ಕುತ್ತಿಗೆಗೆ ಆಗುವುದು ಇದೇ ಕಾರಣಕ್ಕೆ. ಕಚ್ಚುವುದು ಬೀದಿಯ ನಾಯಿ ಮಾತ್ರವಲ್ಲ, ಪರಿಚಯದ ನಾಯಿಯೂ ಕಚ್ಚುತ್ತದೆ. ಒಂದು ಗಂಡು ರಾಟ್‌ವೈಲರ್ 50 ಕಿಲೋ ದಾಟುತ್ತದೆ, ನಿಮ್ಮ ಮೊಮ್ಮಗ ಎಂಟು ಕಿಲೋ ಇರಬಹುದು. ಇಲ್ಲಿ ಒಂದೇ ಒಂದು ತಪ್ಪಿಗೂ ಜಾಗವಿಲ್ಲ.

ಗುರ್ ಎನ್ನುವ ಮೊದಲೇ ನಾಯಿ ಹೇಳುವುದು ಬಹಳವಿದೆ. ತೆರೆದಿದ್ದ ಬಾಯಿ ತಟ್ಟನೆ ಮುಚ್ಚುತ್ತದೆ. ಮೈ ಕಲ್ಲಿನಂತೆ ಬಿಗಿಯುತ್ತದೆ. ತಲೆ ಅಲ್ಲಾಡದೆ ಕಣ್ಣು ಮಾತ್ರ ಮಗುವಿನತ್ತ ಹೊರಳಿ ಬಿಳಿ ಭಾಗ ಕಾಣುತ್ತದೆ. ತಿಂಡಿ ಇಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುತ್ತದೆ, ನಿದ್ದೆ ಇಲ್ಲದಿದ್ದರೂ ಆಕಳಿಸುತ್ತದೆ. ಬಾಲ ಆಡಿಸಿದರೆ ಖುಷಿಯಾಗಿದೆ ಎಂದೇ ಅರ್ಥವಲ್ಲ. ಮಗು ತಬ್ಬಿಕೊಂಡಿರುವ ಫೋಟೊಗಳು ನಿಮ್ಮ ಮೊಬೈಲ್‌ನಲ್ಲಿ ಇರುತ್ತವಲ್ಲ, ಅವುಗಳಲ್ಲಿ ನಾಯಿಯ ಕಣ್ಣನ್ನು ಮಾತ್ರ ಒಮ್ಮೆ ನೋಡಿ.

ಈ ವಾರವೇ ನಾಯಿಯನ್ನು ಪಶುವೈದ್ಯರಿಗೆ ತೋರಿಸಿ. ಈ ತಳಿಯಲ್ಲಿ ಸೊಂಟದ ಮತ್ತು ಮೊಣಕೈಯ ಕೀಲುನೋವು ಸಾಮಾನ್ಯ. ಕಿವಿ ಸೋಂಕು, ಹಲ್ಲುನೋವು ಇದ್ದರೂ ಮುಟ್ಟಿದರೆ ರೇಗುತ್ತದೆ. ಜೊತೆಗೆ, ಹಾಲ್ ಮತ್ತು ನಾಯಿ ಇರುವ ಕೋಣೆಯ ನಡುವೆ ಗೇಟ್ ಹಾಕಿಸಿ. ಎತ್ತರ ಕನಿಷ್ಠ ಮೂರು ಅಡಿ ಇರಲಿ, ಗೋಡೆಗೆ ಸ್ಕ್ರೂ ಹಾಕಿ ಕೂರಿಸಿರಲಿ. ಒತ್ತಿ ನಿಲ್ಲಿಸುವ ಗೇಟು ಈ ನಾಯಿ ಎದೆ ಕೊಟ್ಟರೆ ಕಳಚಿಬರುತ್ತದೆ. ಸರಳುಗಳ ಸಂದಿಯಲ್ಲಿ ಮಗುವಿನ ತಲೆ ತೂರಬಾರದು, ಮತ್ತು ಆ ಸಂದಿಯ ಹತ್ತಿರ ಮಗುವನ್ನು ಆಡಲು ಬಿಡಬಾರದು. ಊಟ ಬಾಗಿಲು ಹಾಕಿದ ಕೋಣೆಯಲ್ಲಿ ಹಾಕಿ, ಹದಿನೈದು ನಿಮಿಷಕ್ಕೆ ತಟ್ಟೆ ಎತ್ತಿಬಿಡಿ. ಮೂಳೆ, ಅಗಿಯುವ ಆಟಿಕೆ ಮಗು ಓಡಾಡುವ ಕಡೆ ಬೇಡವೇ ಬೇಡ. ಚೈನಿನಲ್ಲಿ ಕಟ್ಟಿಹಾಕುವುದು ಪರಿಹಾರವಲ್ಲ: ಕಟ್ಟಿದ ನಾಯಿಗೆ ಓಡಿಹೋಗಲು ದಾರಿಯಿಲ್ಲ, ಮಗು ಅದರ ಅಳತೆಯೊಳಗೆ ತಾನಾಗಿ ನಡೆದುಹೋಗುತ್ತದೆ.

ಇಬ್ಬರೂ ಒಂದೇ ಕೋಣೆಯಲ್ಲಿದ್ದಾಗ ದೊಡ್ಡವರೊಬ್ಬರು ಮಗುವಿಗೆ ಕೈ ಎಟುಕುವಷ್ಟು ಹತ್ತಿರ ಕೂತಿರಬೇಕು. ಅಡುಗೆಮನೆಯಿಂದ ಕಣ್ಣಿಟ್ಟಿದ್ದೆ ಎಂದರೆ ಸಾಲದು, ಕಡಿತ ಒಂದು ಸೆಕೆಂಡಿನ ಕೆಲಸ.

ಕಳಿಸಬೇಕೇ ಎಂದರೆ: ಮನೆಯಲ್ಲಿ ಎರಡು ಭಾಗ ಮಾಡಲು ಜಾಗವಿಲ್ಲದಿದ್ದರೆ, ದೂರದಿಂದಲೇ ಮಗುವನ್ನು ನೋಡಿ ಗುರ್ ಎನ್ನುತ್ತಿದ್ದರೆ, ಅಥವಾ ಒಮ್ಮೆಯಾದರೂ ಹಲ್ಲು ತಾಗಿದ್ದರೆ, ಹೌದು, ಕಳಿಸಿ. ಮಕ್ಕಳಿಲ್ಲದ ಮನೆಗೆ ಕಳಿಸಿ, ಯಾಕೆ ಕಳಿಸುತ್ತಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ. ರಾಟ್‌ವೈಲರ್ ಸೇರಿ 23 ತಳಿಗಳ ವಿರುದ್ಧ ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊರಡಿಸಿದ್ದ ಸುತ್ತೋಲೆಯನ್ನು ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ರದ್ದು ಮಾಡಿದೆ. ಆದರೆ ನಿಮ್ಮ ಹಾಲ್‌ನಲ್ಲಿ ಏನಾಗಬೇಕು ಎಂಬುದನ್ನು ಕೋರ್ಟ್ ತೀರ್ಮಾನಿಸಲಾಗದು.

ಪ್ರಶ್ನೆ: ಎರಡು ತಿಂಗಳ ನಾಯಿಮರಿ ಆಟವಾಡುತ್ತಾ ಮೂರು ವರ್ಷದ ಮಗಳ ಕೈಗೆ ಹಲ್ಲು ತಾಗಿಸಿತು. ಒಂದು ಹನಿ ರಕ್ತ ಬಂತು. ಮರಿಗೆ ರೇಬಿಸ್ ಇರುವುದಿಲ್ಲ ಎನ್ನುತ್ತಾರೆ, ನಿಜವೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಜವಲ್ಲ. ಮರಿಗೂ ರೇಬಿಸ್ ಬರುತ್ತದೆ, ಅದಕ್ಕೆ ಲಸಿಕೆ ಹಾಕುವುದೇ ಮೂರು ತಿಂಗಳಿಗೆ. ಇದನ್ನು ಓದುವ ಹೊತ್ತಿಗೆ ಮಗಳಿಗೆ ಲಸಿಕೆ ಹಾಕಿಸಿಲ್ಲದಿದ್ದರೆ ತಡವಾಯಿತೆಂದು ಬಿಡಬೇಡಿ, ಇವತ್ತೇ ಹೋಗಿ.

ಎಲ್ಲರಿಗೂ ಅನ್ವಯಿಸುವ ಕ್ರಮ ಹೀಗಿದೆ. ಗಾಯವನ್ನು ನಲ್ಲಿ ನೀರಿನ ಕೆಳಗೆ ಹಿಡಿದು ಸೋಪು ಹಚ್ಚಿ ಪೂರ್ತಿ ಹದಿನೈದು ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ರೇಬಿಸ್ ವೈರಸ್‌ಗೆ ಕೊಬ್ಬಿನ ಹೊರಪದರವಿದೆ, ಸೋಪು ಅದನ್ನು ಒಡೆಯುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ, ಬ್ಯಾಂಡೇಜ್ ಕಟ್ಟಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು 0, 3, 7, 28ನೇ ದಿನ, ಪ್ರತಿ ಸಲ ಎರಡು ಕಡೆ 0.1 ಮಿಲಿಯಂತೆ ಕೊಡುತ್ತಾರೆ. ಮಾಂಸಖಂಡಕ್ಕೆ ಕೊಡುವುದಾದರೆ 0, 3, 7, 14, 28. ಪುಟ್ಟ ಮಕ್ಕಳಿಗೆ ಅದನ್ನು ತೊಡೆಗೆ ಕೊಡುತ್ತಾರೆ, ಪೃಷ್ಠಕ್ಕೆ ಕೊಡಬಾರದು.

ರಕ್ತ ಬಂದಿದೆ, ಆದ್ದರಿಂದ ಇದು ಮೂರನೇ ವರ್ಗದ, ಅಂದರೆ ರೇಬಿಸ್ ಅಪಾಯ ಅತಿ ಹೆಚ್ಚಿರುವ ಗಾಯ. ಇಲ್ಲಿ ಲಸಿಕೆ ಒಂದೇ ಸಾಲದು, ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಗಾಯದ ಸುತ್ತ ಮತ್ತು ಒಳಗೆ ಕೊಡಬೇಕು. ಲಸಿಕೆ ಮೈಯಲ್ಲಿ ರಕ್ಷಣೆ ಕಟ್ಟಲು ಒಂದೆರಡು ವಾರ ಬೇಕು, ಅಲ್ಲಿಯವರೆಗೆ ಕಾಪಾಡುವುದು ಇದೇ. ಕುದುರೆಯ ಸೀರಂನಿಂದ ಮಾಡಿದ್ದಾದರೆ ಕಿಲೋಗೆ 40 ಯೂನಿಟ್, ಮನುಷ್ಯರದ್ದಾದರೆ 20. ಹನ್ನೆರಡು ಕಿಲೋದ ಮಗುವಿಗೆ 480 ಅಥವಾ 240 ಯೂನಿಟ್. ಮೊದಲ ಲಸಿಕೆಯಾಗಿ ಏಳು ದಿನ ದಾಟಿದರೆ ಇದನ್ನು ಕೊಡುವುದಿಲ್ಲ, ಆದ್ದರಿಂದ ನೀವೇ ಬಾಯಿಬಿಟ್ಟು ಕೇಳಿ. ಮರಿಯನ್ನು ಹತ್ತು ದಿನ ಗಮನಿಸಿ, ಆದರೆ ಆ ಹತ್ತು ದಿನ ಕಾದು ಚಿಕಿತ್ಸೆ ಶುರುಮಾಡಬೇಡಿ.

ಮರಿಗೆ ಜಂತುಹುಳು ಔಷಧಿ ಎರಡು ವಾರಕ್ಕೊಮ್ಮೆ ಕೊಡಿಸಿ, ಮೂರು ತಿಂಗಳಾದ ಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಅದರ ಹೇಲಿನಿಂದ ಮಣ್ಣಿಗೆ ಬೀಳುವ ದುಂಡುಹುಳದ ಮೊಟ್ಟೆ ಮಗುವಿನ ಹೊಟ್ಟೆ ಸೇರಿದರೆ ಮರಿಹುಳು ಕಣ್ಣಿನವರೆಗೂ ಹೋಗಬಹುದು.

ಪ್ರಶ್ನೆ: ನಾಲ್ಕು ವರ್ಷದ ಮಗನ ಹುಟ್ಟುಹಬ್ಬಕ್ಕೆ ಹಸಿರು ಆಮೆಮರಿ ತಂದಿದ್ದೇವೆ, ಕಿವಿಯ ಬಳಿ ಕೆಂಪು ಗೆರೆ ಇದೆ. ಕಚ್ಚುವುದಿಲ್ಲ. ಅಪಾಯವೇನಾದರೂ ಇದೆಯೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇದೆ, ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ರೆಡ್ ಇಯರ್ಡ್ ಸ್ಲೈಡರ್ ಎನ್ನುವ ಈ ಆಮೆಗಳ ಕರುಳಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರುತ್ತದೆ. ಆಮೆ ಚೆನ್ನಾಗಿಯೇ ಕಾಣುತ್ತದೆ, ಚಿಪ್ಪಿನ ಮೇಲೂ ತೊಟ್ಟಿಯ ನೀರಲ್ಲೂ ಸೋಂಕು ಇರುತ್ತದೆ. ಔಷಧಿ ಕೊಟ್ಟು ಅದನ್ನು ಪೂರ್ತಿ ತೆಗೆಯಲಾಗದು. ಮಕ್ಕಳು ಇಂಥ ಮರಿಗಳನ್ನು ಬಾಯಿಗೆ ಹಾಕಿಕೊಳ್ಳುತ್ತಾರೆಂದೇ ಅಮೆರಿಕ ನಾಲ್ಕು ಇಂಚಿಗಿಂತ ಚಿಕ್ಕ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿತು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಆಮೆ, ಹಾವು, ಓತಿ ಯಾವುದೂ ಬೇಡ.

ತೊಟ್ಟಿಯನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆಯುತ್ತಿದ್ದರೆ ಇವತ್ತಿಗೇ ನಿಲ್ಲಿಸಿ. ಮಗುವಿಗೆ ಜ್ವರ, ಭೇದಿ, ಹೊಟ್ಟೆನುಲಿತ ಕಂಡರೆ ಮನೆಯಲ್ಲಿ ಆಮೆ ಇದೆ ಎಂದು ವೈದ್ಯರಿಗೆ ಹೇಳಿ. ಆಮೆಯನ್ನು ಕೆರೆಗೆ ಮಾತ್ರ ಬಿಡಬೇಡಿ: ಅದು ಅಮೆರಿಕದ್ದು, ಇಲ್ಲಿಯ ಆಮೆಗಳ ಊಟ, ಜಾಗ ಎರಡನ್ನೂ ಕಿತ್ತುಕೊಳ್ಳುತ್ತದೆ. ಕೊಂಡ ಅಂಗಡಿಗೇ ಹಿಂತಿರುಗಿಸಿ, ತೆಗೆದುಕೊಳ್ಳದಿದ್ದರೆ ಪ್ರಾಣಿರಕ್ಷಣಾ ಕೇಂದ್ರವನ್ನು ಕೇಳಿ. ಬೆನ್ನ ಮೇಲೆ ನಕ್ಷತ್ರದಂಥ ಗೆರೆಗಳಿರುವ ಆಮೆಯೋ, ನಮ್ಮೂರಿನ ಹಸಿರು ಗಿಣಿಯೋ ನಿಮ್ಮಲ್ಲಿದ್ದರೆ ಅದು ಬೇರೆಯೇ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅವನ್ನು ಸಾಕುವುದೇ ಅಪರಾಧ, ಅರಣ್ಯ ಇಲಾಖೆಯ ಹತ್ತಿರದ ಕಚೇರಿಗೆ ತಿಳಿಸಿ.