ಆಟೊ ಜಿಗಿಯದೆ ಹೊರಡಬೇಕಾದರೆ

ಪ್ರಶ್ನೆ: ನಮ್ಮನೆಯವರು ಆಟೊ ಓಡಿಸುತ್ತಾರೆ. ಮಧ್ಯಾಹ್ನ ಊಟಕ್ಕೆ ಬಂದ ಮೇಲೆ ಗಾಡಿ ಸುಮ್ನೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಶಾಲೆ ಮಕ್ಕಳ ಬಾಡಿಗೆ ನಾನೇ ಮಾಡೋಣ ಅಂತ ಕಲಿಯುತ್ತಿದ್ದೇನೆ. ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಆಗಿದೆ. ಗೇರಿಲ್ಲದ ಸ್ಕೂಟರ್ ಚೆನ್ನಾಗಿ ಬರುತ್ತದೆ. ಆಟೊದಲ್ಲಿ ಮಾತ್ರ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟರೆ ಒಂದೋ ಜಿಗಿಯುತ್ತದೆ, ಇಲ್ಲಾ ಆಫ್ ಆಗುತ್ತದೆ. "ಮೆಲ್ಲಗೆ ಬಿಡು, ಮೆಲ್ಲಗೆ ಬಿಡು" ಅಂತ ಇವರು ಕೂಗುತ್ತಾರೆ. ಮೆಲ್ಲಗೇ ಬಿಡುತ್ತಿದ್ದೇನೆ! ಇವರ ಗೆಳೆಯರೊಬ್ಬರು "ಯಾವಾಗಲೂ ಹಾಫ್ ಕ್ಲಚ್‌ನಲ್ಲೇ, ಅಂದ್ರೆ ಹಿಡಿ ಅರ್ಧ ಒತ್ತಿಕೊಂಡೇ ಇರಿ ಅಕ್ಕಾ, ಆಫ್ ಆಗಲ್ಲ" ಅಂದರು. ಯಾರ ಮಾತು ಕೇಳಲಿ?
— ಓದುಗರು, ತುಮಕೂರು

ಉತ್ತರ: ನಿಮ್ಮ ಯಜಮಾನರು ಅರ್ಧ ಮಾತ್ರ ಹೇಳುತ್ತಿದ್ದಾರೆ, ಗೆಳೆಯರು ಹೇಳಿದ್ದನ್ನು ಇವತ್ತೇ ಮರೆತುಬಿಡಿ.

ಕ್ಲಚ್ಚಿನ ಹಿಡಿ ಪೂರ್ತಿ ಒತ್ತಿದಲ್ಲಿಂದ ಪೂರ್ತಿ ಬಿಡುವ ತನಕ ಎಲ್ಲಾ ಕಡೆ ಒಂದೇ ಥರ ಕೆಲಸ ಮಾಡುವುದಿಲ್ಲ. ಮೊದಲ ಸ್ವಲ್ಪ ದೂರ ಏನೂ ಆಗುವುದಿಲ್ಲ, ಅಲ್ಲಿ ಬೇಗ ಬಿಟ್ಟರೂ ನಡೆಯುತ್ತದೆ. ಆಮೇಲೆ ಒಂದು ಜಾಗ ಬರುತ್ತದೆ. ಎಂಜಿನ್ನಿನ ಸದ್ದು ಸ್ವಲ್ಪ ತಗ್ಗುತ್ತದೆ, ಗಾಡಿ ಸಣ್ಣಗೆ ನಡುಗುತ್ತದೆ. ಕ್ಲಚ್ ಹಿಡಿದುಕೊಳ್ಳುವುದು ಅಲ್ಲೇ. ಹೊಸಬರು ಶುರುವಿನಲ್ಲಿ ಭಯದಿಂದ ತುಂಬಾ ಮೆಲ್ಲಗೆ ಬಿಟ್ಟುಕೊಂಡು ಬರುತ್ತಾರೆ, ಸರಿಯಾಗಿ ಆ ಜಾಗಕ್ಕೆ ಬಂದು ಗಾಡಿ ನಡುಗಿದ ತಕ್ಷಣ ಗಾಬರಿಯಾಗಿ ಬೆರಳು ಸಡಿಲ ಬಿಡುತ್ತಾರೆ, ಗಾಡಿ ಜಿಗಿಯುತ್ತದೆ. ಮೆಲ್ಲಗೆ ಬಿಟ್ಟಿದ್ದೂ ನಿಜ, ಜಿಗಿದಿದ್ದೂ ನಿಜ. ಅಲ್ಲಿ ಬೇಕಾಗಿರುವುದು ಮೆಲ್ಲಗೆ ಬಿಡುವುದಲ್ಲ, ಬಿಡುವುದನ್ನೇ ನಿಲ್ಲಿಸುವುದು. ಬೆರಳು ಅಲ್ಲಾಡಿಸದೆ ಕಾಯಿರಿ. ಚಕ್ರ ಉರುಳಿ, ಗಾಡಿ ನಡಿಗೆಯ ವೇಗಕ್ಕೆ ಬಂದ ಮೇಲೆ ಉಳಿದದ್ದನ್ನು ಬಿಡಿ.

ಯಾಕೆ ಕಾಯಬೇಕು ಅಂದರೆ, ಎಂಜಿನ್ ತಿರುಗುತ್ತಿದೆ, ಚಕ್ರ ನಿಂತಿದೆ. ಮಧ್ಯೆ ಕ್ಲಚ್ ಪ್ಲೇಟುಗಳು ಒಂದರ ಮೇಲೊಂದು ಜಾರುತ್ತಾ ಎರಡನ್ನೂ ಒಂದೇ ವೇಗಕ್ಕೆ ತರಬೇಕು. ಖಾಲಿ ಆಟೊನೇ ಸುಮಾರು 350 ಕಿಲೋ ತೂಗುತ್ತದೆ. ಡ್ರೈವರ್ ಜೊತೆ ಮೂವರು ದೊಡ್ಡವರು ಕೂತರೆ 600 ಕಿಲೋ ಹತ್ತಿರ. ಇಷ್ಟನ್ನು ಹೊರಡಿಸುವ ಎಂಜಿನ್ ಇನ್ನೂರು ಚಿಲ್ಲರೆ ಸಿಸಿಯದು. ಖಾಲಿ ಗಾಡಿಯಲ್ಲಿ ಚೆನ್ನಾಗಿ ಕಲಿತವರು ಮೊದಲ ಬಾಡಿಗೆಗೇ ಆಫ್ ಮಾಡಿಕೊಳ್ಳುವುದು ಇದಕ್ಕೇ. ಜನ ಕೂತರೆ ಕ್ಲಚ್ ಹಿಡಿಯುವ ಜಾಗ ಬದಲಾಗುವುದಿಲ್ಲ. ಅಲ್ಲಿ ಕಾಯುವ ಹೊತ್ತು ಜಾಸ್ತಿಯಾಗುತ್ತದೆ, ರೇಸ್ (ಎಕ್ಸಿಲೇಟರ್) ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅಷ್ಟೇ.

ಇನ್ನೊಂದು ವಿಷಯವನ್ನು ಹೇಳಿಕೊಡುವವರು ಸಾಮಾನ್ಯವಾಗಿ ಹೇಳುವುದೇ ಇಲ್ಲ, ಅವರ ಕೈಗೆ ಅದು ರೂಢಿಯಾಗಿಬಿಟ್ಟಿರುತ್ತದೆ. ಆಟೊದಲ್ಲಿ ಎಡಗೈಗೆ ಮೂರು ಕೆಲಸ. ಕ್ಲಚ್ ಒತ್ತಬೇಕು, ಅದೇ ಹಿಡಿಯನ್ನು ತಿರುಗಿಸಿ ಗೇರ್ ಹಾಕಬೇಕು, ಹ್ಯಾಂಡಲ್ಲೂ ಹಿಡಿಯಬೇಕು. ಗೇರ್ ತಿರುಗಿಸಿದರೆ ಕ್ಲಚ್ ಹಿಡಿಯೂ ಜೊತೆಗೇ ತಿರುಗುತ್ತದೆ. ಫಸ್ಟ್ ಗೇರಿನಲ್ಲಿ ಅದು ಮೇಲಕ್ಕೆ ನೋಡುತ್ತಿರುತ್ತದೆ, ನಿಮ್ಮ ಮಣಿಕಟ್ಟು ಮಡಚಿಕೊಂಡಿರುತ್ತದೆ. ಹಾಗೆ ಮಡಚಿದ ಕೈಯಲ್ಲಿ ಬೆರಳನ್ನು ಅಳತೆಯಾಗಿ ಬಿಡುವುದು ಯಾರಿಗಾದರೂ ಕಷ್ಟ. ಅದಕ್ಕೆ ಗೇರ್ ಬಿದ್ದ ಮೇಲೆ, ಕ್ಲಚ್ ಒತ್ತಿಕೊಂಡೇ, ಅಂಗೈಯನ್ನು ಸ್ವಲ್ಪ ಸರಿಸಿ ಮಣಿಕಟ್ಟು ನೇರ ಮಾಡಿಕೊಳ್ಳಿ. ಮೊಣಕೈ ಸಡಿಲ ಇರಲಿ. ಆಮೇಲೆ ಬಿಡಲು ಶುರು ಮಾಡಿ. ಕೈ ಬಿಗಿಯಾಗಿದ್ದರೆ ಬೆರಳು ಬಿಡುವಾಗ ಹ್ಯಾಂಡಲ್ಲೂ ಎಳೆದುಕೊಂಡು ಹೋಗುತ್ತದೆ, ಮುಂದೆ ಇರುವುದು ಒಂದೇ ಚಕ್ರ, ಗಾಡಿಯ ಮೂತಿ ಪಕ್ಕಕ್ಕೆ ತಿರುಗುತ್ತದೆ.

ಬಲಗೈದೂ ಒಂದು ಪಾಲಿದೆ. ಗಾಡಿ ಸ್ವಲ್ಪ ಜರ್ಕ್ ಹೊಡೆದರೆ ಮೈ ಹಿಂದಕ್ಕೆ ಹೋಗುತ್ತದೆ, ಎಕ್ಸಿಲೇಟರ್ ಹಿಡಿದ ಕೈ ತಾನಾಗೇ ಇನ್ನಷ್ಟು ತಿರುಗುತ್ತದೆ, ಮತ್ತೆ ಜರ್ಕ್. ರೇಸನ್ನು ಮೊದಲೇ ಒಂದು ಅಳತೆಗೆ ಏರಿಸಿ ಅಲ್ಲೇ ಹಿಡಿಯಿರಿ. ಹೊರಡುವುದು ಕ್ಲಚ್ಚಿನ ಕೆಲಸ, ರೇಸಿನದಲ್ಲ.

ಅಭ್ಯಾಸ ಹೀಗೆ ಮಾಡಿ. ಸಮತಟ್ಟಾದ ಖಾಲಿ ಜಾಗ ಬೇಕು, ಮನೆ ಏಳದ ಲೇಔಟ್ ಇದ್ದರೆ ಬೆಸ್ಟ್. ಎಂಜಿನ್ ಬಿಸಿಯಾಗಿರಲಿ. ರೇಸ್ ಕೊಡಲೇಬೇಡಿ. ಬರೀ ಕ್ಲಚ್ಚಿನಲ್ಲಿ ಗಾಡಿ ಅಲ್ಲಾಡುವ ತನಕ ಬಿಡಿ, ಅಲ್ಲಾಡಿದ ತಕ್ಷಣ ಮತ್ತೆ ಒತ್ತಿ, ಬ್ರೇಕ್ ಹಾಕಿ. ಇದೇ ಪದೇ ಪದೇ. ನೋಡುವವರಿಗೆ ತಮಾಷೆಯಾಗಿ ಕಾಣುತ್ತದೆ, ಕಾಣಲಿ. ಆ ಜಾಗ ಬೆರಳಿಗೆ ಗೊತ್ತಾದ ಮೇಲೆ ರೇಸ್ ಸೇರಿಸಿ. ಆಮೇಲೆ ಮನೆಯವರನ್ನೂ ಅವರ ಗೆಳೆಯರನ್ನೂ ಹಿಂದೆ ಕೂರಿಸಿಕೊಂಡು ಮಾಡಿ, ಭಾರ ಗೊತ್ತಾಗುತ್ತದೆ. ಯಜಮಾನರಿಗೆ ಕೂಗಬೇಡಿ ಅಂತ ನಾನು ಹೇಳಿದೆ ಅನ್ನಿ.

ಹಾಫ್ ಕ್ಲಚ್ ಇರುವುದು ಹೊರಡುವಾಗಿನ ಆ ಒಂದೆರಡು ಕ್ಷಣಕ್ಕೆ. ಸಿಗ್ನಲ್‌ನಲ್ಲೂ ಅದರಲ್ಲೇ ನಿಂತರೆ ಪ್ಲೇಟ್ ಜಾರುತ್ತಲೇ ಇರುತ್ತದೆ, ಎಣ್ಣೆಯಲ್ಲಿ ಮುಳುಗಿದ್ದರೂ ಬಿಸಿಯಾಗಿ ಸವೆಯುತ್ತದೆ. ಸುಟ್ಟ ವಾಸನೆ ಬಂತು ಅಂದರೆ ಅದೇ. ಆಮೇಲೆ ಪಿಕಪ್ ಹೋಗುತ್ತದೆ, ಎಂಜಿನ್ ಅರಚುತ್ತದೆ, ಗಾಡಿ ಹೋಗುವುದಿಲ್ಲ. ನಿಂತರೆ ನ್ಯೂಟ್ರಲ್ ಮಾಡಿ. ಸೆಕೆಂಡ್‌ನಲ್ಲೇ ಹೊರಡುವ ಚಟವೂ ತುಂಬಾ ಜನರಿಗಿದೆ. ಫಸ್ಟ್‌ಗೂ ಸೆಕೆಂಡ್‌ಗೂ ಮಧ್ಯೆ ನ್ಯೂಟ್ರಲ್ ಇರುವುದರಿಂದ ಫಸ್ಟ್ ಹಾಕಲು ಸೋಮಾರಿತನ. ಅದನ್ನು ನೋಡಿ ಕಲಿಯಬೇಡಿ.

ಎಲ್‌ಎಲ್ ಇರುವಾಗ ಲೈಸೆನ್ಸ್ ಇರುವವರು ಜೊತೆಗಿರಲೇಬೇಕು, ಗಾಡಿಯ ಮುಂದೆ ಹಿಂದೆ ಬಿಳಿ ಮೇಲೆ ಕೆಂಪು 'ಎಲ್' ಇರಬೇಕು. ಎಲ್‌ಎಲ್ ಆಗಿ 30 ದಿನ ಕಳೆದ ಮೇಲೆ ಟೆಸ್ಟ್ ಕೊಡಬಹುದು, ಎಲ್‌ಎಲ್ 6 ತಿಂಗಳು ನಡೆಯುತ್ತದೆ. ಲೈಸೆನ್ಸ್ ಕೈಗೆ ಬರುವ ತನಕ ಶಾಲೆ ಮಕ್ಕಳನ್ನು ಕೂರಿಸುವ ಯೋಚನೆಯೇ ಬೇಡ.

ಪ್ರಶ್ನೆ: ನಮ್ಮೂರಲ್ಲಿ ಸಮತಟ್ಟು ಜಾಗ ಹುಡುಕಬೇಕು ಸರ್. ಏರಿನಲ್ಲಿ ನಿಂತು ಹೊರಡುವಾಗ ಆಟೊ ಹಿಂದಕ್ಕೆ ಬರುತ್ತದೆ. ಕಾರಿನವರ ಥರ ಹ್ಯಾಂಡ್ ಬ್ರೇಕ್ ಹಾಕಿ ಕಲಿಯಬೇಕಾ?
— ಓದುಗರು, ಮಡಿಕೇರಿ

ಉತ್ತರ: ಬೇಕಿಲ್ಲ. ಕಾರಿನಲ್ಲಿ ಬ್ರೇಕೂ ಎಕ್ಸಿಲೇಟರೂ ಒಂದೇ ಕಾಲಿಗೆ ಬರುತ್ತವೆ, ಕಾಲು ಬದಲಿಸುವಷ್ಟರಲ್ಲಿ ಕಾರು ಹಿಂದೆ ಬರುತ್ತದೆ, ಅದಕ್ಕೆ ಅವರಿಗೆ ಹ್ಯಾಂಡ್ ಬ್ರೇಕ್. ನಿಮಗೆ ಎಕ್ಸಿಲೇಟರ್ ಕೈಯಲ್ಲಿದೆ. ಬಲಗಾಲನ್ನು ಬ್ರೇಕ್ ಮೇಲೇ ಒತ್ತಿಟ್ಟುಕೊಂಡು ಸ್ವಲ್ಪ ರೇಸ್ ಕೊಡಿ, ಕ್ಲಚ್ ಹಿಡಿಯುವ ತನಕ ಬಿಡಿ. ಗಾಡಿ ಮುಂದೆ ಹೋಗಲು ಬ್ರೇಕಿನ ಜೊತೆ ಜಗ್ಗಾಡುತ್ತಿದೆ ಅನ್ನಿಸಿದಾಗ ಮಾತ್ರ ಕಾಲು ತೆಗೆಯಿರಿ. ಈ ವಿಷಯದಲ್ಲಿ ಕಾರಿಗಿಂತ ಆಟೊ ಸುಲಭ, ಯಾರೂ ಒಪ್ಪುವುದಿಲ್ಲ ಅಷ್ಟೇ. ಏರಿನಲ್ಲಿ ನಿಂತಿರುವಾಗ ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ತಡೆದು ನಿಲ್ಲಿಸಬೇಡಿ. ತಡೆಯುವುದಕ್ಕೆ ಬ್ರೇಕ್ ಇದೆ. ಗಾಡಿ ತುಂಬಾ ಜನ ಇದ್ದು ಏರು ತೀರಾ ಕಡಿದಾಗಿದ್ದರೆ ನಿಲ್ಲಿಸುವ ಜಾಗವನ್ನೇ ಸ್ವಲ್ಪ ನೋಡಿ ಆರಿಸಿಕೊಳ್ಳಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಆಟೊ ತಗೊಂಡೆ. ಹಿಡಿ ಪೂರ್ತಿ ಒತ್ತಿದರೂ ಗೇರ್ ಕಟಕಟ ಅನ್ನುತ್ತದೆ, ಗಾಡಿ ಮುಂದಕ್ಕೆ ತೆವಳುತ್ತದೆ. ಪ್ಲೇಟ್ ಹಾಕಿಸಬೇಕು ಅನ್ನುತ್ತಾರೆ.
— ಓದುಗರು, ದಾವಣಗೆರೆ

ಉತ್ತರ: ಮೊದಲು ಕೇಬಲ್ ನೋಡಿಸಿ. ಬಹಳಷ್ಟು ಆಟೊಗಳಲ್ಲಿ ಎಂಜಿನ್ ಹಿಂದಿನ ಸೀಟಿನ ಕೆಳಗಿರುತ್ತದೆ, ಕ್ಲಚ್ ಕೇಬಲ್ ಮುಂದಿನಿಂದ ಹಿಂದಿನ ತನಕ ಹೋಗುತ್ತದೆ. ಅಷ್ಟುದ್ದದ ಕೇಬಲ್ ಹಳೆಯದಾದರೆ ಎಳೆದು ಸಡಿಲವಾಗುತ್ತದೆ, ಒಳಗೆ ಧೂಳು ಕೂತು ಬಿಗಿಯುತ್ತದೆ. ಆಗ ನೀವು ಪೂರ್ತಿ ಒತ್ತಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಅಡ್ಜಸ್ಟ್ ಮಾಡಿಸಿ, ಇಲ್ಲಾ ಹೊಸ ಕೇಬಲ್ ಹಾಕಿಸಿ. ಹಿಡಿಯ ತುದಿಯಲ್ಲಿ ಸ್ವಲ್ಪ ಆಟ, ಅಂದರೆ ಕ್ಲಚ್ ಎಳೆಯದೆ ಸುಮ್ನೆ ಅಲ್ಲಾಡುವಷ್ಟು ಸಡಿಲ, ಉಳಿದಿರಲೇಬೇಕು. ತೀರಾ ಬಿಗಿ ಮಾಡಿಸಿದರೆ ಕ್ಲಚ್ ಯಾವಾಗಲೂ ಅರ್ಧ ಒತ್ತಿದ ಹಾಗಿದ್ದು ಒಳ್ಳೆ ಪ್ಲೇಟೂ ಸವೆಯುತ್ತದೆ. ಇದಾದ ಮೇಲೂ ಹಾಗೇ ಇದ್ದರೆ ಪ್ಲೇಟ್ ಬಿಚ್ಚಿಸಿ ನೋಡಿ.

ಪ್ರಶ್ನೆ: ಎಲೆಕ್ಟ್ರಿಕ್ ಆಟೊ ತಗೊಂಡರೆ ಈ ತಲೆನೋವೇ ಇಲ್ಲ ಅಲ್ವಾ?
— ಓದುಗರು, ಬೆಂಗಳೂರು

ಉತ್ತರ: ಮಹೀಂದ್ರ ಟ್ರಿಯೋ ಥರದ ಗಾಡಿಗಳಲ್ಲಿ ಕ್ಲಚ್ಚೂ ಇಲ್ಲ, ಗೇರ್ ಬದಲಿಸುವುದೂ ಇಲ್ಲ, ನಿಂತರೆ ಆಫ್ ಆಗುವ ಮಾತೂ ಇಲ್ಲ. ಆದರೆ ಮೋಟಾರ್ ನಿಂತ ಜಾಗದಿಂದಲೇ ಜೋರಾಗಿ ಎಳೆಯುತ್ತದೆ. ಎಕ್ಸಿಲೇಟರ್ ಒಂದೇ ಸಲ ತಿರುಗಿಸಿದರೆ ಹಿಂದೆ ಕೂತವರು ಸೀಟಿಗೆ ಒರಗಿಬಿಡುತ್ತಾರೆ, ಅಲ್ಲಿ ಬಲಗೈ ಪಳಗಬೇಕು.