ಬಂಗು, ಸಿಬ್ಬು, ಜಿಗಣೆ ಕಚ್ಚಿದ ಕಲೆ: ಓದುಗರ ಪ್ರಶ್ನೆಗಳಿಗೆ ಚರ್ಮವೈದ್ಯರ ಉತ್ತರ

ಪ್ರಶ್ನೆ: ನನಗೆ 38 ವರ್ಷ. ಎರಡನೆಯ ಬಸುರಿನಲ್ಲಿ ಎರಡೂ ಕೆನ್ನೆಯ ಮೇಲೆ ಕಾಣಿಸಿಕೊಂಡ ಕಂದು ಕಲೆ ಇನ್ನೂ ಹೋಗಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಕೊಟ್ಟ ಕ್ರೀಮನ್ನು ಹಚ್ಚಿದಾಗ ಮುಖ ಬೇಗನೆ ಬೆಳ್ಳಗಾಯಿತು, ಆದರೆ ಈಗ ಅದನ್ನು ಬಿಟ್ಟರೆ ಮುಖವೆಲ್ಲ ಕೆಂಪಾಗಿ ಉರಿಯುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಕಣದಲ್ಲಿ ನಿಲ್ಲದೆ ನನಗೆ ಗತಿಯಿಲ್ಲ. ಏನು ಮಾಡಲಿ ಡಾಕ್ಟರೇ?
– ಓದುಗರು, ಸೋಮವಾರಪೇಟೆ

ಉತ್ತರ: ನಿಮಗಿರುವುದು ಒಂದಲ್ಲ, ಎರಡು ತೊಂದರೆಗಳು. ಮೊದಲನೆಯದು ಬಂಗು, ಎರಡನೆಯದು ಆ ಕ್ರೀಮಿನಿಂದಲೇ ಬಂದಿರುವಂತೆ ತೋರುತ್ತದೆ, ಮತ್ತು ಮೊದಲು ನೋಡಬೇಕಾದದ್ದೂ ಅದನ್ನೇ. ಟ್ಯೂಬನ್ನು ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಇವುಗಳಲ್ಲಿ ಯಾವುದಾದರೂ ಹೆಸರಿದ್ದರೆ ಅದು ಸ್ಟೀರಾಯ್ಡ್. ವೈದ್ಯರ ಚೀಟಿಯಿಲ್ಲದೆ ಇಂಥ ಮುಲಾಮುಗಳನ್ನು ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿಗೊಳಿಸಿದ್ದರೂ, ಕೇಳಿದವರಿಗೆಲ್ಲ ಅವು ಸಿಗುತ್ತಲೇ ಇವೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಎಳೆಯಂಥ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಹೆಂಗಸರ ಮುಖದಲ್ಲಿ ಕೂದಲೂ ಬೆಳೆಯಬಹುದು. ಬಿಟ್ಟಾಗ ಉರಿಯುವುದರಿಂದ ಮತ್ತೆ ಹಚ್ಚುವುದು, ಹಚ್ಚಿದ್ದರಿಂದ ಇನ್ನಷ್ಟು ಕೆಡುವುದು, ಹೀಗೆ ಇದು ಬಿಡಿಸಿಕೊಳ್ಳಲಾಗದ ಗಂಟಾಗುತ್ತದೆ. ಆದ್ದರಿಂದ ಆ ಟ್ಯೂಬನ್ನು ಜೊತೆಯಲ್ಲೇ ಹಿಡಿದುಕೊಂಡು ಚರ್ಮವೈದ್ಯರನ್ನು ಕಂಡು, ಅದನ್ನು ಬಿಡುವ ಕ್ರಮವನ್ನು ಅವರಿಂದಲೇ ತಿಳಿಯಿರಿ.

ಇನ್ನು ಬಂಗಿನ ವಿಷಯ. ಬಸುರಿನ ಹಾರ್ಮೋನು, ಗರ್ಭನಿರೋಧಕ ಮಾತ್ರೆ, ಮನೆತನದ ಗುಣ ಇವೆಲ್ಲ ಅದಕ್ಕೆ ಕಾರಣವಾದರೂ ಅದನ್ನು ಉಳಿಸಿಕೊಂಡು ಬರುವುದು ಬಿಸಿಲು. ತಂಪು ಹವೆಯಿದ್ದರೆ ಬಿಸಿಲಿನ ಕಾಟವಿಲ್ಲವೆಂದು ನಮ್ಮ ಕಡೆ ನಂಬುತ್ತಾರೆ. ಆದರೆ ಸಾವಿರ ಮೀಟರ್ ಎತ್ತರಕ್ಕೆ ಹೋದಂತೆ ನೇರಳಾತೀತ ಕಿರಣಗಳು ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚುತ್ತವೆ, ತೆಳುಮೋಡ ಅವನ್ನು ಪೂರ್ತಿ ತಡೆಯುವುದೂ ಇಲ್ಲ. ಕಣಕ್ಕೆ ಹೋಗುವಾಗ ಅಗಲ ಅಂಚಿನ ಟೋಪಿ ಇರಲಿ. ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನನ್ನು ಎರಡು ಬೆರಳುಗಳ ಉದ್ದಕ್ಕೂ ಹಿಂಡಿ ಮುಖ, ಕತ್ತಿಗೆ ಹಚ್ಚಿ, ಹೊರಗಿರುವಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಕಣ್ಣಿಗೆ ಕಾಣುವ ಬೆಳಕಿನಿಂದಲೂ ಬಂಗು ಹೆಚ್ಚುವುದರಿಂದ, ಐರನ್ ಆಕ್ಸೈಡ್ ಇರುವ, ಮೈಬಣ್ಣಕ್ಕೆ ಹೊಂದುವ ಸನ್‌ಸ್ಕ್ರೀನ್ ಇನ್ನೂ ಒಳ್ಳೆಯದು.

ಉರಿ ಆರಿದ ಮೇಲೆ ವೈದ್ಯರು ಅಜೆಲೇಯಿಕ್ ಆಮ್ಲವನ್ನೋ ಹೈಡ್ರೋಕ್ವಿನೋನ್ ಇರುವ ಮುಲಾಮನ್ನೋ ಬರೆದುಕೊಡಬಹುದು. ಹೈಡ್ರೋಕ್ವಿನೋನನ್ನು ಅವರು ಹೇಳಿದ ಕೆಲವು ತಿಂಗಳಿಗಿಂತ ಹೆಚ್ಚು ಹಚ್ಚಬಾರದು. ವರ್ಷಗಟ್ಟಲೆ ಹಚ್ಚಿದವರಲ್ಲಿ ಹೋಗದಂಥ ನೀಲಿಗಪ್ಪು ಕಲೆ ಬಂದದ್ದುಂಟು. ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆಯೂ ಕೆಲವರಿಗೆ ಗುಣ ಕೊಡುತ್ತದೆ, ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಸಲ್ಲದು. ಬಂಗು ತಿಳಿಯಾಗುತ್ತದೆ, ಬಿಸಿಲಿಗೆ ಮೈಮರೆತರೆ ಮರಳುತ್ತದೆ. ಬುಡಸಮೇತ ತೆಗೆಯುತ್ತೇವೆನ್ನುವ ಜಾಹೀರಾತುಗಳನ್ನು ನಂಬಬೇಡಿ.

ಪ್ರಶ್ನೆ: ಮಳೆಗಾಲ ಶುರುವಾದರೆ ನನ್ನ ಎದೆ, ಬೆನ್ನಿನ ಮೇಲೆ ಬಿಳಿಚಿದ ಮಚ್ಚೆಗಳು ಹರಡುತ್ತವೆ. ಇದು ತೊನ್ನೇ? ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿರುವುದರಿಂದ ಭಯವಾಗಿದೆ.
– ಓದುಗರು, ವಿರಾಜಪೇಟೆ

ಉತ್ತರ: ಉಗುರಿನಿಂದ ಮೆಲ್ಲನೆ ಕೆರೆದಾಗ ಹಿಟ್ಟಿನಂಥ ಸಣ್ಣ ಪುಡಿ ಉದುರುತ್ತದೆಯೇ ನೋಡಿ. ಉದುರಿದರೆ ಅದು ಬಹುಮಟ್ಟಿಗೆ ಸಿಬ್ಬು. ಎಲ್ಲರ ಚರ್ಮದ ಮೇಲೂ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ, ಬೆವರು ಮತ್ತು ತೇವ ಸಿಕ್ಕಿದಾಗ ಹೆಚ್ಚಾಗಿ ಬೆಳೆಯುವುದರಿಂದ ಇದು ಬರುತ್ತದೆ. ದಿನವಿಡೀ ರೈನ್‌ಕೋಟಿನೊಳಗೆ ಬೆವರುವವರಿಗೆ, ಒಲೆಯ ಮೇಲೆ ಅರೆಬರೆ ಒಣಗಿದ ಬನಿಯನ್ ತೊಡುವವರಿಗೆ ಇದು ಬರುವುದರಲ್ಲಿ ಆಶ್ಚರ್ಯವಿಲ್ಲ. ಕೀಟೋಕೊನಜೋಲ್ ಶಾಂಪೂವನ್ನು ಮೈಗೆ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯುವುದನ್ನು ವೈದ್ಯರು ಹೇಳಿದಷ್ಟು ದಿನ ಮಾಡಿದರೆ ಸಾಕಾಗುತ್ತದೆ. ಶಿಲೀಂಧ್ರ ಸತ್ತರೂ ಬಣ್ಣ ಕೂಡಿಕೊಳ್ಳಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಮದ್ದು ಹಿಡಿಯಲಿಲ್ಲವೆಂದು ಬದಲಾಯಿಸಬೇಡಿ.

ತೊನ್ನಿನ ಮಚ್ಚೆ ಹಾಲಿನಂತೆ ಅಚ್ಚಬಿಳಿ, ಪುಡಿ ಉದುರುವುದಿಲ್ಲ. ಅದು ಅಂಟುವುದಿಲ್ಲ, ಅದಕ್ಕೂ ಚಿಕಿತ್ಸೆಯಿದೆ, ಅದು ಮದುವೆಗೆ ಅಡ್ಡಿಯಾಗಬೇಕಾದ ಕಾಯಿಲೆಯೂ ಅಲ್ಲ. ಬಣ್ಣ ಮಾಸಿದ ಜಾಗದಲ್ಲಿ ಸ್ಪರ್ಶವೇ ತಿಳಿಯದಿದ್ದರೆ ಮಾತ್ರ ಕೂಡಲೇ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕುಷ್ಠಕ್ಕೆ ಅಲ್ಲಿ ಉಚಿತವಾಗಿ ಮಾತ್ರೆ ಕೊಡುತ್ತಾರೆ, ಅದು ಪೂರ್ತಿ ವಾಸಿಯಾಗುತ್ತದೆ.

ಪ್ರಶ್ನೆ: ತೋಟದಲ್ಲಿ ಜಿಗಣೆ ಕಚ್ಚಿದ ಜಾಗಗಳೆಲ್ಲ ಕಾಲಿನಲ್ಲಿ ಕಪ್ಪು ಚುಕ್ಕೆಗಳಾಗಿ ಉಳಿದಿವೆ. ನಿಂಬೆರಸ ಅಥವಾ ಕಾಚಂಪುಳಿ ಹಚ್ಚಬಹುದೇ?
– ಓದುಗರು, ಭಾಗಮಂಡಲ

ಉತ್ತರ: ಕಾಚಂಪುಳಿ ಪಂದಿಕರಿಗೆ ಇರಲಿ, ಕಾಲಿಗೆ ಬೇಡ, ಅಷ್ಟು ಹುಳಿಯ ರಸ ಚರ್ಮವನ್ನು ಸುಡುತ್ತದೆ. ನಿಂಬೆರಸ ತಗುಲಿದ ಜಾಗಕ್ಕೆ ಬಿಸಿಲು ಬಿದ್ದರೆ ಗುಳ್ಳೆಯೆದ್ದು ಹೊಸ ಕಲೆಯೇ ಉಳಿಯುತ್ತದೆ. ಈ ಚುಕ್ಕೆಗಳಿಗೆ ಜಿಗಣೆಗಿಂತ ನಿಮ್ಮ ಉಗುರೇ ಹೆಚ್ಚು ಕಾರಣ. ನಮ್ಮಂಥ ಕಂದುಚರ್ಮದಲ್ಲಿ ಕೆರೆದು ಗಾಯವಾದ ಜಾಗವೆಲ್ಲ ಕಪ್ಪಾಗಿಯೇ ಮಾಯುತ್ತದೆ. ಮೊಡವೆ ಚಿವುಟಿದವರ ಮುಖದಲ್ಲಿ ಆಗುವುದೂ ಇದೇ. ಕಚ್ಚಿದ ಕೂಡಲೇ ಸೋಪಿನಿಂದ ತೊಳೆದು ಬಟ್ಟೆಯಿಂದ ಒತ್ತಿಹಿಡಿಯಿರಿ. ಜಿಗಣೆಯ ಜೊಲ್ಲು ರಕ್ತವನ್ನು ಹೆಪ್ಪುಗಟ್ಟಲು ಬಿಡದ್ದರಿಂದ ಸ್ವಲ್ಪ ಹೊತ್ತು ಸೋರುವುದು ಸಹಜ. ನವೆಗೆ ತಣ್ಣೀರು ಬಟ್ಟೆ ಇಡಿ. ಹಳೆಯ ಚುಕ್ಕೆಗಳು ತಾವಾಗಿಯೇ ಮಾಸುತ್ತವೆ, ಕಾಲಿನಲ್ಲಿ ಸ್ವಲ್ಪ ನಿಧಾನ.

ಪ್ರಶ್ನೆ: ಅಪ್ಪನ ಅಂಗಾಲಿನಲ್ಲಿ ಹೊಸದಾಗಿ ಬಂದ ಕಪ್ಪು ಮಚ್ಚೆ ದೊಡ್ಡದಾಗುತ್ತಿದೆ, ನೋವಿಲ್ಲ. ಸುಣ್ಣ, ಸೋಡಾ ಕಲಸಿಟ್ಟರೆ ಉದುರುತ್ತದೆ ಎನ್ನುತ್ತಾರೆ.
– ಓದುಗರು, ಪೊನ್ನಂಪೇಟೆ

ಉತ್ತರ: ಸುಣ್ಣವನ್ನು ಮುಟ್ಟಿಸಲೇಬೇಡಿ. ಚರ್ಮದ ಕ್ಯಾನ್ಸರುಗಳಲ್ಲಿ ಅಪಾಯಕಾರಿಯಾದ ಮೆಲನೋಮಾ ನಮ್ಮವರಲ್ಲಿ ಅಪರೂಪ, ಆದರೆ ಬಂದಾಗ ಹೆಚ್ಚಾಗಿ ಅಂಗಾಲಿನಲ್ಲಿ ಅಥವಾ ಉಗುರಿನಡಿಯಲ್ಲಿ, ನೋವಿಲ್ಲದೆ ಬರುತ್ತದೆ. ಎಲ್ಲ ಮಚ್ಚೆಯೂ ಅದಲ್ಲ; ಆದರೆ ಬೆಳೆಯುತ್ತಿರುವ ಮಚ್ಚೆಯನ್ನು ಪರೀಕ್ಷಿಸದೆ ಸುಟ್ಟರೆ ಮುಂದೆ ಅದು ಏನಾಗಿತ್ತೆಂದು ತಿಳಿಯಲು ಯಾರಿಗೂ ಸಾಧ್ಯವಾಗದು. ಈ ವಾರವೇ ಅವರನ್ನು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದೊಯ್ಯಿರಿ.