ನನ್ನ ಕಾಲದ ಲೆಕ್ಕ ನಿಮಗೆ ಆಗೋದಿಲ್ಲ

ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯ್ತು, ಜೊತೆಗೆ ಕೆಲಸ ಮಾಡುವ ಇಲ್ಲಿಯ ಹುಡುಗರೇ 'ನಮ್ಮಪ್ಪ ಅಮ್ಮನಿಗೆ ಸಿಕ್ಕಿದ್ದು ನಮಗೆ ಸಿಗಲ್ಲ' ಅಂತ ಗೊಣಗುತ್ತಾರೆ, ಹಾಗಾದರೆ ನಾನು ಬಂದು ತಪ್ಪು ಮಾಡಿದೆನಾ ಅಂತ ಕೇಳಿದ್ದೀರಿ. ತಪ್ಪೇನೂ ಮಾಡಿಲ್ಲ. ಆದರೆ ಅವರು ಗೊಣಗುವುದೂ ಸುಮ್ನೆ ಅಲ್ಲ.

ನಮ್ಮ ಆಫೀಸನ್ನೇ ನೋಡಿ. ನನ್ನ ಎಡಕ್ಕೆ ಕೂರುವವರಿಗೆ 61 ವರ್ಷ. ಕಾಲೇಜಿಗೆ ಒಂದು ಪೌಂಡ್ ಫೀಸ್ ಕಟ್ಟಿದವರಲ್ಲ, ಮೇಲಿಂದ ಖರ್ಚಿಗೆ ಸರ್ಕಾರವೇ ಗ್ರಾಂಟ್ ಕೊಟ್ಟಿತ್ತು. 24ಕ್ಕೆಲ್ಲ ಮನೆ ತಗೊಂಡರು, ಒಬ್ಬರದೇ ಸಂಬಳದಲ್ಲಿ. (ಮಾರನೇ ವರ್ಷವೇ, 1989ರಲ್ಲಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿ ದರ 15%ಗೆ ಹೋಯ್ತು, ಕಂತು ಕಟ್ಟೋಕೆ ಸಂಜೆ ಇನ್ನೊಂದು ಕೆಲಸ ಹಿಡಿದಿದ್ದರಂತೆ. ಅದನ್ನೂ ಹೇಳಿಬಿಡಬೇಕು.)

ಬಲಕ್ಕೆ ಕೂರುವ ಹುಡುಗಿಗೆ 29. ಅವಳು ಕಾಲೇಜು ಸೇರುವಷ್ಟರಲ್ಲಿ ಫೀಸ್ ವರ್ಷಕ್ಕೆ 9,000 ಪೌಂಡ್ ಆಗಿತ್ತು. ಮೊನ್ನೆ ಪೇಸ್ಲಿಪ್ ತೋರಿಸಿದಳು: ಟ್ಯಾಕ್ಸ್, ನ್ಯಾಷನಲ್ ಇನ್ಶೂರೆನ್ಸ್, ಪೆನ್ಷನ್, ಅದರ ಕೆಳಗೆ ಸ್ಟೂಡೆಂಟ್ ಲೋನ್ ಅಂತ 112 ಪೌಂಡ್. ಏಳು ವರ್ಷದಿಂದ ಕಟ್ಟುತ್ತಿದ್ದಾಳೆ, ಸಾಲ ಮಾತ್ರ ಬಡ್ಡಿ ಸೇರಿ ತಗೊಂಡಿದ್ದಕ್ಕಿಂತ ಜಾಸ್ತಿಯಾಗಿದೆ. ಐದು ಜನರ ಜೊತೆ ಒಂದು ಮನೆಯಲ್ಲಿದ್ದಾಳೆ, ಫ್ರಿಜ್ಜಿನಲ್ಲಿ ಅವಳಿಗೆ ಅಂತ ಒಂದು ಶೆಲ್ಫ್, ಅದರ ಮೇಲೆ ಹೆಸರು ಬರೆದ ಚೀಟಿ. 1997ರಲ್ಲಿ ಇಂಗ್ಲೆಂಡಿನಲ್ಲಿ ಮನೆ ಬೆಲೆ ವರ್ಷದ ಸಂಬಳದ ಸುಮಾರು ಮೂರೂವರೆ ಪಟ್ಟು ಇತ್ತು, 2024ರ ಹೊತ್ತಿಗೆ ಎಂಟರ ಹತ್ತಿರ ಬಂದಿತ್ತು. ಲಂಡನ್ನಿನಲ್ಲಿ ಹನ್ನೊಂದು. ಗೊಣಗದೆ ಏನು ಮಾಡುತ್ತಾಳೆ?

ಅದೇ ಸಂಬಳ ನಿಮ್ಮ ಕೈಗೆ ಬಂದರೆ ನಿಮಗೆ ಮೇಲೆ ಹತ್ತಿದ ಹಾಗೆ ಅನಿಸುತ್ತದೆ, ಯಾಕಂದ್ರೆ ನೀವು ನಿಮ್ಮ ಅಪ್ಪನ ಸಂಬಳವನ್ನು ಪಕ್ಕದಲ್ಲಿಟ್ಟು ನೋಡುತ್ತೀರಿ, ಅವಳು ಅವಳಪ್ಪನ ಮನೆಯನ್ನು. ಈ ಖುಷಿ ಎರಡು ಮೂರು ವರ್ಷ ಇರುತ್ತದೆ. ಆಮೇಲೆ ಅವಳ ಬಾಡಿಗೆಯೇ ನಿಮ್ಮ ಬಾಡಿಗೆ, ಅವಳು ನೋಡುವ ಮನೆ ಬೆಲೆಯೇ ನಿಮ್ಮದೂ. ಅವಳಿಗಾದರೆ ಮನೆ ತಗೊಳ್ಳುವಾಗ ಮೊದಲು ಕಟ್ಟುವ ಡೆಪಾಸಿಟ್‌ಗೆ ಅಪ್ಪ ಅಮ್ಮ ಒಂದಿಷ್ಟು ಕೊಟ್ಟಾರು. ನಮ್ಮಂಥವರಲ್ಲಿ ದುಡ್ಡು ಉಲ್ಟಾ ಹೋಗುತ್ತದೆ ಅಲ್ವಾ, ನಮ್ಮಿಂದ ಅಪ್ಪ ಅಮ್ಮನ ಕಡೆಗೆ.

ನಿಜ ಹೇಳಬೇಕಂದ್ರೆ ನೀವು ಹುಷಾರಾಗಿರಬೇಕಾದ್ದು ಆ ಹುಡುಗರ ಮಾತಿಗಲ್ಲ, ನನ್ನಂಥ ಹಳಬರ ಮಾತಿಗೆ. ನಾನು 2004ರಲ್ಲಿ ಹೆಚ್‌ಎಸ್‌ಎಂಪಿ ವೀಸಾದಲ್ಲಿ ಬಂದವನು, ಹೆಚ್ಚು ಓದು, ಅನುಭವ ಇದ್ದವರಿಗೆ ಆಗ ಕೊಡುತ್ತಿದ್ದ ವೀಸಾ ಅದು. ಓದು, ಅನುಭವ, ಸಂಬಳ ನೋಡಿ ಕೊಡುವ ಪಾಯಿಂಟ್ ಸಾಕಷ್ಟಿದ್ದರೆ ಆಯ್ತು, ಕೈಯಲ್ಲಿ ಕೆಲಸ ಇರಲೇಬೇಕು ಅಂತಿರಲಿಲ್ಲ. 2010ರಲ್ಲಿ ಮನೆ ತಗೊಂಡೆ, ಬ್ಯಾಂಕ್ ಆಫ್ ಇಂಗ್ಲೆಂಡ್ ದರ ಹಿಂದಿನ ವರ್ಷವಷ್ಟೇ 0.5%ಗೆ ಇಳಿದಿತ್ತು, 2016ರ ತನಕ ಅಲ್ಲೇ ಇತ್ತು. ಅದರಲ್ಲಿ ನನ್ನ ಜಾಣತನ ಏನೂ ಇಲ್ಲ. ನಿಮ್ಮ ಕಾಲ ಬೇರೆ. ವೀಸಾ ಜೊತೆ ಇಲ್ಲಿಯ ಸರ್ಕಾರಿ ಆಸ್ಪತ್ರೆ ಸೇವೆಗೆ ಅಂತ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಿ ಬಂದಿದ್ದೀರಿ, ನಾನು ಬಂದಾಗ ಅದು ಇರಲೇ ಇಲ್ಲ. ಸ್ಕಿಲ್ಡ್ ವರ್ಕರ್ ವೀಸಾಗೆ, ಅಂದರೆ ಇಲ್ಲಿಯ ಕಂಪನಿ ಕೆಲಸ ಕೊಟ್ಟು ಕರೆಸಿಕೊಳ್ಳುವ ವೀಸಾಗೆ, ಸಾಮಾನ್ಯವಾಗಿ ಬೇಕಾದ ವರ್ಷದ ಸಂಬಳ 2024ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 26,200 ಪೌಂಡ್‌ನಿಂದ 38,700ಕ್ಕೆ ಹೋಯ್ತು, ಮಾರನೇ ವರ್ಷ 41,700. ಈ ದೇಶದಲ್ಲಿ ಪರ್ಮನೆಂಟ್ ಆಗಿ ಇರುವ ಹಕ್ಕು ಸಿಗಲು ಐದು ವರ್ಷ ಇದ್ದದ್ದನ್ನು ಹತ್ತು ಮಾಡುವ ಮಾತನ್ನೂ ಸರ್ಕಾರ 2025ರ ಮೇನಲ್ಲಿ ಎತ್ತಿತು. ಹೀಗಿರುವಾಗ ಯಾರಾದರೂ ಹಿರಿಯರು 'ಐದು ವರ್ಷ ಕಷ್ಟಪಡು, ಮನೆ ತಗೋ, ಸೆಟ್ಲ್ ಆಗು' ಅಂದರೆ ತಲೆಯಾಡಿಸಿ ಬಿಟ್ಟುಬಿಡಿ.

ಇನ್ನೆರಡು ಮಾತು. ಕೈಗೆ ಬರುವ ಸಂಬಳ ಸ್ವಲ್ಪ ಜಾಸ್ತಿಯಾಗಲಿ ಅಂತ ಹೊಸಬರು ಪೆನ್ಷನ್ನಿಂದ ಹೊರಗೆ ಬಂದುಬಿಡುತ್ತಾರೆ, ಬರಬೇಡಿ, ಕಂಪನಿ ಹಾಕುವ ಪಾಲೂ ಹೋಗುತ್ತದೆ. ಮತ್ತೆ ಇಲ್ಲಿ ಸಂಬಳ ಏರುವುದು ಹೆಚ್ಚಾಗಿ ಕಂಪನಿ ಬದಲಾಯಿಸಿದಾಗಲೇ, ಆದರೆ ಆ ಹುಡುಗಿಯ ಹಾಗೆ ನೀವು ಇವತ್ತು ಪೇಪರ್ ಹಾಕಿ ಹೊರಡುವ ಹಾಗಿಲ್ಲ. ಹೊಸ ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್, ಅಂದರೆ ಹೊರದೇಶದವರನ್ನು ವೀಸಾ ಮೇಲೆ ಕೆಲಸಕ್ಕೆ ತಗೊಳ್ಳಲು ಸರ್ಕಾರದ ಅನುಮತಿ, ಇದೆಯಾ ಅಂತ ಮೊದಲು ನೋಡಿಕೊಳ್ಳಿ, ಸರ್ಕಾರದ ವೆಬ್‌ಸೈಟಿನಲ್ಲೇ ಪಟ್ಟಿ ಇದೆ.

ನಿಮ್ಮ ಆಫೀಸಿನ ಹುಡುಗರು ಇನ್ನೊಮ್ಮೆ ಗೊಣಗಿದಾಗ ಜೊತೆಗೆ ಕೂತು ಕೇಳಿ, ಬಾಡಿಗೆ ಎಲ್ಲಿ ಕಮ್ಮಿ, ಯಾವ ಕಂಪನಿ ಈಗ ಜನ ತಗೊಳ್ಳುತ್ತಿದೆ ಅಂತ. ನಾನು ಬಾಡಿಗೆ ಮನೆ ಹುಡುಕಿ ಹದಿನೈದು ವರ್ಷವಾಯ್ತು.